ದೊಡ್ಡಪ್ಪನ ಹಬ್ಬದ ಮುನಿಸು

ನಮ್ಮ ದೊಡ್ಡಪ್ಪ ಮುನಿಸಿಕೊಳ್ಳದೆ ಗಂಗಮ್ಮನ ಹಬ್ಬ ಆದದ್ದನ್ನು ಯಾರಾದರೂ ನೋಡಿದ್ದರೆ, ಅವರು ಹೋಗಿ ಬಂದದ್ದು ಬೇರೆ ಊರಿಗೆ! ಆವನಿ ಕಡೆಯ ನಮ್ಮೂರಿನ ಕಟ್ಟಳೆಯೇ ಹಾಗೆ: ಮನೆಗೊಂದು ತಂಬಿಟ್ಟಿನ ದೀಪ. ಒಂದು ಮನೆಯ ದೀಪ ಬಾರದಿದ್ದರೂ ತಮಟೆ ಮುಂದೆ ಹೋಗುವಂತಿಲ್ಲ. ಇಂಥ ಕಟ್ಟಳೆ ಸಿಕ್ಕರೆ ದೊಡ್ಡಪ್ಪ ಬಿಡುತ್ತಾರೆಯೇ?

ನಾನು ಟೊಮೇಟೊ ಮಂಡಿಯಲ್ಲಿ ಚೌಕಾಸಿ ಮಾಡಿಯೇ ಮೇಲೆ ಬಂದವನು. ಆದರೂ ಜಗುಲಿಯ ಮೇಲೆ ಟವೆಲ್ ಹೊದ್ದು, ಗೋಡೆಗೆ ಮುಖ ಮಾಡಿ ಕೂತ ಆ ಮನುಷ್ಯನ ಮುಂದೆ ನಾನಿನ್ನೂ ಎಳಸು. ನೀವೂ ಕಲಿತುಕೊಳ್ಳಿ: ಎದುರಿನವನಿಗೆ ಅವಸರವಿದ್ದಾಗ ನಾವು ಬಾಯಿ ತೆರೆಯಬಾರದು.

ನಾನು ಚಿಕ್ಕವನಿದ್ದಾಗ ಒಮ್ಮೆ ಪಾನಕಕ್ಕೆ ಏಲಕ್ಕಿ ಸಾಲದೆಂದು ಮುನಿದರು. ಊರೇ ಜಗುಲಿಯ ಮುಂದೆ ನಿಂತು ಬೇಡಿಕೊಂಡಿತು. ಹೊಸ ಪಾನಕ ಬಂತು. ಒಂದು ಗುಟುಕು ಕುಡಿದು, "ಈಗ ಜಾಸ್ತಿ ಆಯ್ತು ಕಣ್ರೋ" ಎಂದರು!

ಇನ್ನೊಂದು ವರ್ಷ ಫ್ಲೆಕ್ಸಿನ ರಗಳೆ. ಪಂಚಾಯ್ತಿ ಮೆಂಬರುಗಳ ಮುಖ ಕುಂಬಳಕಾಯಿಯಷ್ಟು, ಗಂಗಮ್ಮ ಅಂಚೆಚೀಟಿಯಷ್ಟು. "ಲೇ, ದೀಪ ಯಾರಿಗ್ಲಾ ಬೆಳಗ್ಬೇಕು? ಈ ಮೀಸೆಗಾ?" ಫ್ಲೆಕ್ಸ್ ಇಳಿಯಿತು. ಮರುದಿನ ನೋಡಿದರೆ ಅದು ದೊಡ್ಡಪ್ಪನ ಹುಲ್ಲು ಬಣವೆಗೆ ಹೊದಿಕೆ!

ಈ ಸಲದ ಮುನಿಸಿಗೆ ಮಾತ್ರ ಯಾರೂ ನಗಲಿಲ್ಲ. ದೊಡ್ಡಪ್ಪನ ಇಬ್ಬರು ಮಕ್ಕಳು ಪಂಚಾಯ್ತಿ ಚುನಾವಣೆಗೆ ಎದುರುಬದುರು ನಿಂತು, ಮಾತು ಬಿಟ್ಟು, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರು. ಒಲೆ ಎರಡಾದ ಮೇಲೆ ದೀಪವೂ ಎರಡು ಎಂದರು. ಹಾಗೆ ಹೊರಟರೆ ಮನೆ ಒಡೆದದ್ದು ಗಂಗಮ್ಮನ ಮುಂದೆಯೇ ಖಾಯಂ ಆದಂತೆ. ದೊಡ್ಡಪ್ಪ ಗೋಡೆಗೆ ತಿರುಗಿದರು.

ವ್ಯಾಪಾರ ಕುದುರಿಸಲು ನಾನು ಹೋದೆ. "ಎರಡು ದೀಪ ಹೋಗ್ಲಿ ಬಿಡು ದೊಡ್ಡಪ್ಪ, ಯಾರಿಗೇನು ನಷ್ಟ?"

"ಮಂಡೀಲಿ ನೀನು ಬುದ್ಧಿವಂತ ಕಣೋ. ಇದು ಮಂಡಿ ಅಲ್ಲ. ಇಬ್ರೂ ಒಟ್ಟಿಗೆ ಬಂದು ಕರೀಲಿ, ಏಳ್ತೀನಿ."

ತಮಟೆಯವರು ಎರಡು ಸಲ ಚರ್ಮ ಕಾಯಿಸಿದರು. ಹೊತ್ತು ಇಳಿಯಿತು. ಊರವರ ಬೈಗುಳ ತಾಳಲಾರದೆ ಅಣ್ಣ, ತಮ್ಮ ಕೊನೆಗೂ ಬಂದರು, ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ ನೋಡುತ್ತಾ. "ಏಳಪ್ಪಾ" ಎಂದರು, ಒಂದೇ ಉಸಿರಿಗೆ.

ದೊಡ್ಡಪ್ಪ ಎದ್ದವರೇ ಇಬ್ಬರು ಸೊಸೆಯರ ತಂಬಿಟ್ಟನ್ನೂ ಸೇರಿಸಿ ನಾದಿಸಿದರು. ದೀಪ ಎಷ್ಟು ದೊಡ್ಡದಾಯಿತೆಂದರೆ ತಟ್ಟೆ ಒಬ್ಬರ ಕೈಲಿ ಏಳಲಿಲ್ಲ. ಅಣ್ಣ ಒಂದು ಕಡೆ ಹಿಡಿದ, ತಮ್ಮ ಇನ್ನೊಂದು ಕಡೆ. ತಮಟೆ ಮೊಳಗಿತು.

"ನೀನೂ ಬಾ ದೊಡ್ಡಪ್ಪ, ಗೆದ್ದೆಯಲ್ಲ!" ಎಂದೆ ನಾನು.

ಟವೆಲಿನಿಂದ ಮುಖ ಒರೆಸಿಕೊಂಡು ಅವರು ಅಲ್ಲೇ ಕೂತರು, ಈ ಸಲ ಬೀದಿಗೆ ಮುಖ ಮಾಡಿ.

"ನೀನು ನಡಿಯೋ. ಇಬ್ರೂ ಜೊತೇಲಿ ಹೋಗೋದು ಹಿಂದಿನಿಂದ್ಲೇ ಚೆನ್ನಾಗಿ ಕಾಣ್ತದೆ."