ಪಾಳು ಕೊಟ್ಟಿಗೆಯ ಕತ್ತಲು

ಅರ್ನೋ ಫ್ರೀಸನ್‌ನ ಗ್ರಹಚಾರ ಕೆಟ್ಟದ್ದು ಒಂದು ಬಾಗಿಲಿನಿಂದ. ಅದೂ ಫೋಟೋದೊಳಗಿನ ಬಾಗಿಲು!

ಶಾಲಾ ಬಸ್ಸಿನ ಡ್ರೈವರ್ ಅವನು. ಹನ್ನೊಂದು ವರ್ಷದಿಂದ ಊರಿನ ಕ್ಯಾಮೆರಾ ಕ್ಲಬ್ಬಿನ ಸ್ಪರ್ಧೆಗೆ ಕಪ್ಪು-ಬಿಳುಪು ಚಿತ್ರ ಕೊಟ್ಟು ಕೊಟ್ಟು ಒಮ್ಮೆಯೂ ಬಹುಮಾನದ ರಿಬ್ಬನ್ ಮುಟ್ಟಿದವನಲ್ಲ. ಈ ಸಲ ಗೆದ್ದೇ ಗೆಲ್ಲುತ್ತೇನೆ ಅಂತ ಧೈರ್ಯ ಬಂದಿತ್ತು. ವಿಭಾಗ 'ನಿರ್ಜನ ತಾಣ'. ಚಿತ್ರ, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಗೋಧಿ ಬಯಲಲ್ಲಿ ಒಂಟಿಯಾಗಿ ನಿಂತ ಪಾಳು ಕೊಟ್ಟಿಗೆ. ನಿಯಮ ಎರಡೇ: ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರಕೂಡದು, ಇದ್ದದ್ದನ್ನು ಅಳಿಸಲೂ ಕೂಡದು.

ಶನಿವಾರ ಬೆಳಿಗ್ಗೆ ಲೈಬ್ರರಿಯ ನೆಲಮಾಳಿಗೆಯಲ್ಲಿ ಕ್ಲಬ್ಬಿನ ಪ್ರಿಂಟರಿನಿಂದ ಮೊದಲ ಪ್ರತಿ ಹೊರಬಂತು. ಕಂಪ್ಯೂಟರ್ ಪರದೆಯ ಮೇಲೆ ಹಲಗೆ ಹಲಗೆಯೂ ಕಾಣುತ್ತಿದ್ದ ಬಾಗಿಲು ಕಾಗದದ ಮೇಲೆ ಬರೀ ಡಾಂಬರು.

"ಇದೇನು ಮಾರಾಯ, ಇದ್ದಿಲು ಮೆತ್ತಿದ್ದೀಯಾ?" ಹೆಗಲ ಮೇಲಿಂದ ಲಾರ್ನ್ ಇಣುಕಿದ. ಕ್ಲಬ್ಬಿನಲ್ಲಿ ಅವನಷ್ಟು ರಿಬ್ಬನ್ ಗೆದ್ದವರಿಲ್ಲ. "ಪರದೆಗೆ ಒಳಗಿಂದ ಬೆಳಕಿರುತ್ತೆ, ಪಾಪ ಕಾಗದಕ್ಕೆ ಎಲ್ಲಿಂದ ಬರ್ಬೇಕು? ನೆರಳು ತಿಳಿ ಮಾಡು. ತೀರ್ಪುಗಾರರು ಮೊದಲು ಹುಡುಕೋದೇ ನೆರಳೊಳಗೆ ಏನಿದೆ ಅಂತ."

ಅರ್ನೋ ತಿಳಿ ಮಾಡಿದ. ಎರಡನೇ ಪ್ರತಿ ನೋಡಿ ಕಾರ್ಯದರ್ಶಿ ಡೋರೀನ್ ಅಜ್ಜಿ ಮೂಗು ಮುರಿದರು. "ಅಯ್ಯೋ, ಪಾತ್ರೆ ತೊಳೆದ ನೀರು ಕಣೋ ಇದು! ಕಪ್ಪು ಅಂದ್ರೆ ಕಪ್ಪಾಗಿರ್ಬೇಕು."

"ಚಿತ್ರ ಪೂರ್ತಿ ತಿಳಿ ಮಾಡು ಅಂದ್ನಾ ನಾನು? ನೆರಳೊಂದನ್ನೇ ಅಂದೆ!" ಅಂತ ಲಾರ್ನ್ ರೇಗಿದ.

ಇವರಿಬ್ಬರ ಜಗಳದಲ್ಲಿ ಮೂರನೆಯದೂ ನಾಲ್ಕನೆಯದೂ ಕಸದ ಬುಟ್ಟಿ ಸೇರಿದವು. ಸಂಜೆ ನಾಲ್ಕಕ್ಕೆ ಚಿತ್ರ ಕೊಡುವ ಗಡುವು ಮುಗಿಯುತ್ತದೆ. ಶಾಯಿ ಒಣಗದೆ ಕಪ್ಪಿನ ನಿಜಬಣ್ಣ ತಿಳಿಯೋ ಹಾಗಿಲ್ಲ.

ಐದನೆಯದರಲ್ಲಿ ಬಾಗಿಲೊಳಗಿನ ಕತ್ತಲು ಹದವಾಗಿ ತಿಳಿಯಾಯಿತು. ಹಲಗೆ ಕಂಡಿತು, ಒಣಹುಲ್ಲು ಕಂಡಿತು, ಹುಲ್ಲಿನ ಪಕ್ಕ ಅವನ ಹೆಂಡತಿ ಟೀನಾ ಕಂಡಳು. ನಾಲಿಗೆ ಚಾಚಿ ಅಣಕಿಸುತ್ತಿದ್ದಳು!

ಚಿತ್ರ ತೆಗೆದ ದಿನ "ಚಿತ್ರಕ್ಕೆ ಅಡ್ಡ ಬರ್ಬೇಡ" ಅಂತ ಗದರಿಸಿ ಅರ್ನೋ ಅವಳನ್ನು ಟ್ರಕ್ಕಿಗೆ ಕಳಿಸಿದ್ದ. ಟ್ರಕ್ಕಿನ ಬೀಗದ ಕೈ ತನ್ನ ಜೇಬಲ್ಲೇ ಇತ್ತು, ಅವಳು ಹತ್ತಲಾಗದೆ ಕೊಟ್ಟಿಗೆ ಹೊಕ್ಕಿದ್ದಳು ಅನ್ನೋದು ಈಗ ಹೊಳೆಯಿತು.

"ಏನದು, ತೋರ್ಸು," ಅಂದ ಲಾರ್ನ್.

"ಒದ್ದೆ, ಒದ್ದೆ! ಮುಟ್ಬೇಡ!" ಅರ್ನೋ ಅಂಗೈಯಿಂದ ಹೆಂಡತಿಯನ್ನು ಮುಚ್ಚಿದ.

ಅತ್ತ ದರಿ, ಇತ್ತ ಪುಲಿ. ತಿಳಿ ಮಾಡಿದರೆ ಹೆಂಡತಿ, ಕಪ್ಪು ಮಾಡಿದರೆ ಡಾಂಬರು. ಕೂದಲೆಳೆಯಷ್ಟೇ ಕತ್ತಲು ಸೇರಿಸುತ್ತಾ ಹೋದ. ಒಂಬತ್ತನೆಯದರಲ್ಲಿ ಹಲಗೆ ಉಳಿಯಿತು, ಟೀನಾ ಮಾಯವಾದಳು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಅದನ್ನು ಡೋರೀನ್ ಅಜ್ಜಿಯ ಕೈಗಿತ್ತ.

ಸಂಜೆ ಸಭಾಂಗಣ ತುಂಬಿತ್ತು. ಬೇಕರಿಯ ಕೆಲಸ ಮುಗಿಸಿ ಟೀನಾ ಕೂಡ ಬಂದಿದ್ದಳು. ವಿನ್ನಿಪೆಗ್ ನಗರದಿಂದ ಬಂದ ತೀರ್ಪುಗಾರ್ತಿ ಚಿತ್ರವನ್ನು ದೊಡ್ಡ ದೀಪದ ಕೆಳಗಿಟ್ಟರು. "ಆಹಾ! ನೆರಳನ್ನ ಎಷ್ಟು ಚೆನ್ನಾಗಿ ಪಳಗಿಸಿದ್ದಾರೆ!"

ಅರ್ನೋ ಖುಷಿಯಿಂದ ಅರ್ಧ ಎದ್ದೇಬಿಟ್ಟ.

"ಅರೆ, ಒಳಗೆ ಯಾರೋ ನಿಂತಿದ್ದಾರಲ್ಲ?"

ನೆಲಮಾಳಿಗೆಯ ಮಂಕು ಬೆಳಕಲ್ಲಿ ಮಾಯವಾದವಳು ಆ ದೀಪಕ್ಕೆ ನಾಲಿಗೆ ಸಮೇತ ಎದ್ದು ಬಂದಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ಚಿತ್ರ ಸ್ಪರ್ಧೆಯಿಂದ ಹೊರಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಟೀನಾ ಎದ್ದು ಹೋಗಿ ಚಿತ್ರವನ್ನೇ ನೋಡುತ್ತಾ ನಿಂತಳು. ಅರ್ನೋ ಹಿಂದೆಯೇ ಹೋದ. "ತಪ್ಪಾಯ್ತು ಟೀನಾ. ಬೀಗದ ಕೈ ನನ್ ಹತ್ರಾನೇ ಇತ್ತು."

"ಆ ಕೊಟ್ಟಿಗೆ ಗಾಳೀಲಿ ನಲವತ್ತು ನಿಮಿಷ ನಿಂತಿದ್ದೆ, ಒಂದ್ಸಲನಾದ್ರೂ ನನ್ನ ನೋಡ್ತೀಯೇನೋ ಅಂತ." ಆಮೇಲೆ ಅವಳ ಮುಖ ಅರಳಿತು. "ಹೋಗ್ಲಿ ಬಿಡು. ಮದುವೆಯಾಗಿ ಮೂವತ್ತು ವರ್ಷಕ್ಕೆ ನಂದೂ ಒಂದು ಫೋಟೋ ತೆಗೆದ್ಯಲ್ಲ! ದೊಡ್ಡದಾಗಿ ಪ್ರಿಂಟ್ ಹಾಕು, ಮನೇಲಿ ತೂಗು ಹಾಕೋಣ."

ಅರ್ನೋನ ದುಃಖವೆಲ್ಲ ಇಳಿದುಹೋಯಿತು. ರಿಬ್ಬನ್ ಯಾರಿಗೆ ಬೇಕು! "ನಾಳೇನೇ ಹಾಕ್ತೀನಿ," ಅಂದ.

"ಹಾಂ, ಮುಖ ಚೆನ್ನಾಗಿ ಕಾಣೋ ಹಾಗೆ ನೆರಳು ತಿಳಿ ಮಾಡು," ಅಂದಳು ಟೀನಾ, ಚಿತ್ರಕ್ಕೆ ಇನ್ನಷ್ಟು ಬಗ್ಗಿ. "ಆದ್ರೆ ನೋಡು, ಸುಕ್ಕು ಮಾತ್ರ ಒಂದೂ ಕಾಣ್ಬಾರ್ದು."