ಕೆಂಪು ದಾರದ ಲೋಟ

ನಮ್ಮ ಸೋದರತ್ತೆ ಮನುಷ್ಯರನ್ನು ರುಚಿ ನೋಡಿಯೇ ಮನೆಯೊಳಗೆ ಬಿಟ್ಟುಕೊಳ್ಳುವುದು! ಹೆದರಬೇಡಿ, ಕಚ್ಚುವುದಿಲ್ಲ, ಬಯ್ಯುತ್ತಾಳೆ. ತಿರುಗಿ ಮಾತಾಡಿದವನು ಪಾಸು. ನಾನು ಗ್ರೇಸ್ ಮಾರ್ಕಿನವನು.

ಚಿನ್ನದ ಗಣಿಯ ಊರಾದ ಊರಿಗಾಂನಿಂದ ದಿನವೂ ರೈಲು ಹಿಡಿದು, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಗಿಡಗಳಿಗೆ ನೀರು ಹಾಕಿ ನಿವೃತ್ತಳಾದವಳು. ಯಾವ ಗಿಡ? ಸಂಶೋಧನೆಗೆಂದೇ ಬೆಳೆಸುವ ಅರಬಿಡಾಪ್ಸಿಸ್ ಎಂಬ ಗೇಣುದ್ದದ ಕಳೆ, ಸಾಸಿವೆಯ ಬಡ ತಂಗಿ! ಬೀಳ್ಕೊಡುಗೆಗೆ ಶಾಲು ಬೇಡವೆಂದು ಎರಡು ಚಿಟಿಕೆ ಬೀಜ ಕೇಳಿ ತಂದಳು. ಈಗ ಕಿಟಕಿಯ ತುಂಬ ಟೀ ಲೋಟಗಳಲ್ಲಿ ಅವೇ; ದಿನಕ್ಕೊಂದು ಎಲೆ ಅಗಿದು ಖಾರ ನೋಡುತ್ತಾಳೆ. ಕೆಂಪು ದಾರ ಕಟ್ಟಿದ್ದು ಖಾರವೇ ಹುಟ್ಟದ ತಳಿ.

"ಓಡೋಕೆ ಕಾಲಿಲ್ಲ ಕಣ್ಲಾ ಇದಕ್ಕೆ. ಉಳಕ್ಕೆ ಖಾರ, ಬೂಷ್ಟಿಗೆ ವಿಷ, ಬಿಸಿಲಿಗೆ ನೇರಳೆ ಬಣ್ಣ, ಉಳ ತಿನ್ನೋ ಕಣಜನ ಕರೆಯೋಕೆ ವಾಸ್ನೆ, ಎಲ್ಲಾ ತಾನೇ ಅಡುಗೆ ಮಾಡ್ಕೊಂತದೆ. ಬರೀ ಬೆಳೆಯೋಕೆ ಇವ್ಯಾವೂ ಬೇಡ, ಎರಡನೇ ದರ್ಜೆ ಅಂತಾರೆ ಓದ್ದೋರು. ನೀನು ಬರೀ ಮೊದಲ್ನೇ ದರ್ಜೆ. ತಿಂತೀಯ, ಬೆಳೀತೀಯ. ಅದೂ ಅಡ್ಡಕ್ಕೆ!"

"ನನಗೆ ಚಿಂತೆ ಇದೆಯಲ್ಲ ಅತ್ತೆ?"

"ಅದು ನಿಂಗತ್ತಿರೋ ಉಳ!"

ಎಲೆ ಇಡಿಯಾಗಿದ್ದಾಗ ಖಾರವಿಲ್ಲವಂತೆ. ಕಚ್ಚಿದಾಗ ಬೇರೆಬೇರೆಯಿದ್ದ ಎರಡು ರಸ ಕೂಡಿ ಹುಟ್ಟುತ್ತದೆ. ಅತ್ತೆಯೂ ಹಾಗೆಯೇ. ಗಣಿ ನಿಂತ ಮೇಲೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬೀಗ ಹಾಕಿಕೊಂಡು ಹೋದರು. ವಾರವೆಲ್ಲ ಅಲ್ಲಿ ಮಾತೇ ಇಲ್ಲ. ಭಾನುವಾರ ನಾನು ಬಂಗಾರಪೇಟೆಯಿಂದ ಹೋಗಿ ಬಾಗಿಲು ತಟ್ಟಿದರೆ ಬೈಗುಳ ಹುಟ್ಟುತ್ತದೆ. ನನ್ನನ್ನು ಬಯ್ಯಲು ಲೋಕದಲ್ಲಿ ಉಳಿದಿರುವುದೂ ಅವಳೊಬ್ಬಳೇ.

ಕಳೆದ ತಿಂಗಳು ಅವಳಿಗೆ ಜ್ವರ ಬಂದು ಹೋಯಿತು. ಬಸ್ಸಿನಲ್ಲೇ ಹದಿನಾಲ್ಕು ಕಾಯಿಲೆ ಊಹಿಸಿಕೊಂಡು ಹೋದೆ.

"ಬಾರಪ್ಪ, ಕೂತ್ಕೊ," ಅಂದಳು.

ಬಾರಪ್ಪ! ನನ್ನ ಪಟ್ಟಿಯಲ್ಲಿ ಇದಿರಲಿಲ್ಲ.

"ನಾಲಿಗೆ ಸತ್ತೋಗೈತೆ. ಎಲೆ ಅಗಿದ್ರೆ ಕಾಗದ ಅಗಿದಂಗೆ. ಎಲ್ಲಾ ಕಿತ್ತಾಕ್ಬಿಡು."

ಕಿತ್ತುಹಾಕಿದರೆ ಅವಳಿಗೆ ಉಳಿಯುವುದೇನು? ಯಾರ ಮನೆಯಲ್ಲೂ ಕೇಳದೆ ನೀರನ್ನೂ ಮುಟ್ಟದ ನಾನು, ಚಪ್ಪಲಿಯನ್ನೂ ಬಿಡದೆ ಕಿಟಕಿಗೆ ಹೋಗಿ, ಕೈಗೆ ಸಿಕ್ಕಿದ ಲೋಟದ ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ.

"ಥೂ! ಕೈ ತೊಳ್ದ್ಯೇನ್ಲಾ? ಊ ಬಿಡ್ತಿರೋ ಗಿಡಾನೇ ಬೇಕಿತ್ತಾ, ಎಮ್ಮೆ?"

ಆಹಾ! ಇನ್ನೊಂದು ಎಲೆಗೆ ಕೈ ಹಾಕಿದೆ. ಹಾಸಿಗೆಯಿಂದ ಎದ್ದೇ ಬಂದು ಕೈಗೆ ಹೊಡೆದಳು.

"ಕಣ್ಣಲ್ಲಿ ನೀರ್ಯಾಕ್ಲಾ?"

"ಖಾರ, ಅತ್ತೆ."

ಅವಳು ಲೋಟ ನೋಡಿದಳು. ನನ್ನನ್ನು ನೋಡಿದಳು.

"ಕೆಂಪು ದಾರದ್ದು ಕಣ್ಲಾ ಅದು."

ಆಮೇಲೆ ಸೆರಗಿನಿಂದ ನನ್ನ ಕಣ್ಣೊರೆಸಿ, ಪಕ್ಕದ ಲೋಟದಿಂದ ತಾನೇ ಒಂದೆಲೆ ಕಿತ್ತು ಕೈಗಿಟ್ಟಳು. "ಇದನ್ನ ಅಗಿ. ಎಂಗೈತೆ ಅಂತ ನಂಗೇಳು."