ಸಮನ್ಸ್ ಬಂದ ದಿನ ಲತೇಶ ದುಬಾಯಿಗೆ ಹೋದದ್ದು

ಬೈಕಂಪಾಡಿಯ ಗೋದಾಮಿಗೆ ಕೆಲಸಕ್ಕೆಂದು ಹೊರಟ ಲತೇಶ, ತೆಗೆದ ಗೇಟಿನ ಕೊಂಡಿಯನ್ನು ಮತ್ತೆ ಹಾಕಿ ಒಳಗೇ ನಿಂತ. ಬಿಕರ್ನಕಟ್ಟೆಯ ಅವನ ಮನೆಯ ಓಣಿಯ ತುದಿಯಲ್ಲಿ ಕೋರ್ಟಿನ ಅಮೀನರು ಯಾರನ್ನೋ ಕೇಳುತ್ತಿದ್ದರು: "ಈ ಲತೇಶ್ ಅಂದ್ರೆ ಯಾರು ಮಾರಾಯ್ರೆ? ಶುಕೂರ್ ಹಾಕಿದ ಕೇಸಿನ ಸಮನ್ಸ್ ಉಂಟು."

ಲತೇಶ ಗೇಟಿನ ಹಿಂದೆ ಕುಕ್ಕರಿಸಿದ. ಹೋದ ತಿಂಗಳು ಹಿಂಬದಿಯ ಮನೆಯ ಶುಕೂರರ ಹೊಸ ಕಾರಿನ ಕನ್ನಡಿಯನ್ನು ಸ್ಕೂಟರ್ ತಾಗಿಸಿ ಮುರಿದು, ಯಾರೂ ನೋಡಲಿಲ್ಲವೆಂದು ಓಡಿಬಂದಿದ್ದ. ಯಾರೋ ನೋಡಿದ್ದಾರೆ!

ಹಿತ್ತಿಲ ಗೋಡೆ ಹಾರಿದ. ಓಣಿಯವರೆಲ್ಲ ಗೌರವದಿಂದ ಪೊರ್ಬುಗಳೆನ್ನುವ ಪಕ್ಕದ ಮನೆಯ ಸೆವರಿನ್ ಅವರ ಕೋಳಿಗೂಡಿನ ಮೇಲೆ ಬಿದ್ದ. ಪ್ಯಾಂಟು ತೊಡೆಯವರೆಗೆ ಹರಿಯಿತು.

ಹನ್ನೆರಡು ವರ್ಷ ಜಾಗದ ಕೇಸು ನಡೆಸಿದ್ದ ಸೆವರಿನ್ ತಮ್ಮನ್ನು ಅರ್ಧ ವಕೀಲರೆಂದೇ ತಿಳಿದಿದ್ದರು. ವಿಷಯ ಕೇಳಿ ಅವರ ಮುಖ ಯಾಕೋ ಅರಳಿತು.

"ಕೈಯಲ್ಲಿ ತಗೊಳ್ಬೇಡ. ಸಹಿ ಹಾಕಿದ್ರೆ ಮುಗೀತು! ಸೋತವನು ಗೆದ್ದವನ ಖರ್ಚೂ ಕೊಡ್ಬೇಕು. ಕೋರ್ಟ್ ಫೀಸು, ವಕೀಲರ ಫೀಸು, ಎಲ್ಲ."

"ಒಂದು ಕನ್ನಡಿಗೆ ಇಷ್ಟೆಲ್ಲ ಉಂಟಾ ಪೊರ್ಬುಗಳೆ?"

"ಎಂತದ್ದೇ ಆಗ್ಲಿ. ಹೋಗಿ ಬಚ್ಚಲಲ್ಲಿ ಕೂತ್ಕೊ."

ಹನ್ನೊಂದು ಗಂಟೆಗೆ ಸೆವರಿನ್ ಅವರ ಹೆಂಡತಿ ಜಾಯ್ಸ್ ಬಾಯಿ ಸ್ನಾನಕ್ಕೆ ಬಂದು ಕಿರುಚಿದ ರಭಸಕ್ಕೆ ಲತೇಶ ಅಟ್ಟ ಸೇರಿದ. ಅಟ್ಟದಲ್ಲಿ ಕಣಜಗಳು ಸಂಸಾರ ಹೂಡಿದ್ದವು. ಇಳಿದುಬರುವಾಗ ಅವನ ಮುಖ ಎಣ್ಣೆಯಲ್ಲಿ ಉಬ್ಬಿದ ಬನ್ಸಿನ ಹಾಗಿತ್ತು.

"ಒಳ್ಳೆಯದೇ ಆಯ್ತು, ಈಗ ಗುರುತೇ ಸಿಗುವುದಿಲ್ಲ," ಎಂದ ಸೆವರಿನ್ ಅವನಿಗೊಂದು ಲುಂಗಿ ಉಡಿಸಿ, ತಲೆಗೆ ಮುಂಡಾಸು ಸುತ್ತಿ, ಕೈಗೆ ಕತ್ತಿ ಕೊಟ್ಟು ತೆಂಗಿನಮರದ ಬುಡದಲ್ಲಿ ನಿಲ್ಲಿಸಿದರು.

ಮಧ್ಯಾಹ್ನ ಅಮೀನರು ಲತೇಶನ ಮನೆ ತೋರಿಸಲು ಶುಕೂರರನ್ನೇ ಕರೆತಂದರು. ಅಲ್ಲಿ ಯಾರೂ ಕಾಣದೆ ಪಕ್ಕದ ಸೆವರಿನ್ ಅವರ ಅಂಗಳಕ್ಕೆ ಬಂದು ವಿಚಾರಿಸಿದರು.

"ಲತೇಶ ದುಬಾಯಿಗೆ ಹೋದ," ಎಂದರು ಸೆವರಿನ್.

"ನಿನ್ನೆ ಮೀನು ತಗೊಳ್ತಾ ಇದ್ದನಲ್ಲ!" ಎಂದರು ಶುಕೂರ್.

"ಬೆಳಗ್ಗಿನ ಫ್ಲೈಟು."

ಅಮೀನರು ನಿಟ್ಟುಸಿರಿಟ್ಟರು. "ಸರಿ, ಹಾಗೇ ಷರಾ ಬರೀತೇನೆ. ಒಬ್ಬರ ಸಾಕ್ಷಿ ಸಹಿ ಬೇಕು. ಇವರು ಯಾರು?"

"ಕಾಯಿ ತೆಗೀಲಿಕ್ಕೆ ಬಂದವ. ತುಕ್ರ."

ಲತೇಶ ಧೈರ್ಯವಾಗಿ ಪೆನ್ನು ಹಿಡಿದ. ಗೋದಾಮಿನ ರಿಜಿಸ್ಟರಿನಲ್ಲಿ ದಿನಕ್ಕೆ ಐವತ್ತು ಸಲ ಹಾಕುವ ಸಹಿಯನ್ನು ಸರಕ್ಕನೆ ಎಳೆದು, ಕೆಳಗೆ ಎರಡು ಗೆರೆಯನ್ನೂ ಹಾಕಿದ.

ಅಮೀನರು ಕನ್ನಡಕ ಸರಿಮಾಡಿಕೊಂಡರು. "ತುಕ್ರರೆ, ಇಲ್ಲಿ ಲತೇಶ್ ಅಂತ ಉಂಟಲ್ಲ?"

ಲತೇಶನ ಕೈಯಿಂದ ಕತ್ತಿ ಬಿತ್ತು. "ಶುಕೂರಾಕ, ನಿಮ್ಮ ಕಾರಿನ ಕನ್ನಡಿ ಮುರಿದದ್ದು ನಾನೇ! ದುಡ್ಡು ಕೊಡ್ತೇನೆ, ಕೇಸು ಬೇಡ!"

"ಅದು ನೀನಾ?" ಶುಕೂರರ ಬಾಯಿ ತೆರೆದೇ ಇತ್ತು.

"ಎಂತ ಕನ್ನಡಿ ಮಾರಾಯ್ರೆ?" ಎಂದರು ಅಮೀನರು. "ಇದು ಸಾಕ್ಷಿ ಸಮನ್ಸ್. ಈ ಸೆವರಿನ್ ಅವರು ಶುಕೂರರ ದಾರಿಗೆ ಅಡ್ಡ ಕಂಪೌಂಡು ಕಟ್ಟಿದ ಕೇಸು. ಕಟ್ಟುವಾಗ ನೋಡಿದವರು ನೀವು. ಬಂದು ಹೇಳ್ಲಿಕ್ಕೆ ಮುನ್ನೂರು ರೂಪಾಯಿ ಭತ್ತೆಯೂ ಉಂಟು."

ಲತೇಶ ತಿರುಗಿ ನೋಡಿದ. ಸೆವರಿನ್ ಅವರಿಗೆ ಆಗಲೇ ಒಳಗೆ ಏನೋ ಅರ್ಜೆಂಟು ಕೆಲಸ ಬಂದಿತ್ತು.

ಅಮೀನರು ನೋಟುಗಳನ್ನು ಲತೇಶನ ಅಂಗೈಯಲ್ಲಿಟ್ಟರು. ಶುಕೂರ್ ಅಲ್ಲಿಂದಲೇ ಎತ್ತಿಕೊಂಡರು.

"ಇದು ಕನ್ನಡಿಗೆ ಅಡ್ವಾನ್ಸ್. ಬಾಕಿಗೆ ನಿನ್ನ ಮೇಲೆ ಬೇರೆ ಕೇಸು ಹಾಕ್ತೇನೆ. ಖರ್ಚು ಸೇರಿಸಿ!"

ಅಮೀನರು ಖುಷಿಯಿಂದ ಚೀಲ ಹೆಗಲಿಗೇರಿಸಿದರು. "ಉಪಕಾರ ಆಯ್ತು. ಮುಂದಿನ ಸಮನ್ಸಿಗೆ ಇನ್ನು ನಿಮ್ಮ ಮನೆ ಹುಡುಕ್ಲಿಕ್ಕಿಲ್ಲ."